ಸಹಾಯ: ಮನೆಯವರು

ಮತ್ತ ಬ್ಯಾಟರಿ ತಗೀತಿಯೇನಣ್ಣಾ? ಮುಂಜಾನಿಂದ ಮೂರು ಸಲ ಬದಲಿ ಮಾಡಿದಿ. ಬ್ಯಾಟರಿ ಹೊಸಾವು. ಮೋಟರ್ ತಿರಗಾಕತ್ತೈತಿ, ಪಂಪ್ ಟಕಟಕ ಅನ್ನಾಕತ್ತೈತಿ, ಕೇಳು... ಕ್ರೇನಿನ ತೋಳು ಮಾತ್ರ ಅರ್ಧಕ್ಕ ನಿಂತು ನಡಗತೈತಿ. ನಿನ್ನೆ ಮುಂಜಾನೆ ಅರ್ಧ ಕಿಲೋದ ತೂಕದ ಕಲ್ಲು ಎತ್ತಿತ್ತು. ಇವತ್ತ ಬೆಲ್ಲದ ಹೆಂಟಿನೂ ಎತ್ತವಲ್ದು.

ಯಾಕ ನಗ್ತಿ? ಆಟಿಗಿ ಸಾಮಾನಿಗೆ ಇವಳ್ಯಾಕ ಇಷ್ಟು ತಲಿ ಕೆಡಿಸ್ಕೊಂಡಾಳ ಅಂತ? ನಲವತ್ತೈದು ವರ್ಷದಾಕಿ ಪ್ಲಾಸ್ಟಿಕ್ ಇಟ್ಟಂಗಿ ಜೋಡಿಸ್ಕೋತ ಕುಂತಾಳ ಅಂತ ವೈನಿ ನಕ್ಕಾಗೂ ನೀ ಹಿಂಗ ನಕ್ಕಿದ್ದಿ. ನಗು.

ಬಂದ್ ಅಂತ ಬಸ್ ಇರಲಿಲ್ಲ, ನಿನ್ನ ಫ್ಯಾಕ್ಟರಿಗೂ ರಜಾ. ಆ ಹದಿನೈದು ದಿನ ಕುಷಾಯಿಗೂಡದ ಈ ಖೋಲ್ಯಾಗ ಇಬ್ಬರೂ ಕುಂತು ಈ ಹವಾದ ಮ್ಯಾಲೆ ನಡಿಯೂ ಕ್ರೇನ್ ಕಟ್ಟಿದ್ದು... ನೆನಪೈತಿಲ್ಲೋ? ಮೋಟರ್ ಜೋರ್ ತಿರಗಿದ್ರ ಹವಾ ಜೋರ್ ಬರ್ತೈತಿ ಅಂತ ನಿನ್ನ ವಾದ. ಹವಾ ತುಂಬಲೇ ಇಲ್ಲ. ನಡುವ ಹಲ್ಲಿನ ದೊಡ್ಡ ಗಾಲಿ ಹಾಕು, ಪಂಪ್ ಸಾವಕಾಶ ಒತ್ತಲಿ ಅಂದಾಕಿ ಯಾರು? ಈ ಶಿವದೇವಿ. ತೋಳು ಎದ್ದು ನಿಂತಾಗ ನೀ ಏನಂದಿ? "ನಿನ್ನ ತಲಿಗೆ ಒಂದು ಶರಣು, ತಂಗಿ" ಅಂದಿ.

ಮತ್ತ ಆ ಕಾರ್ಡಿನ್ಯಾಗ ಏನ್ ಬರದಿ? ನಾಳೆ ಕನ್ನಡ ಸಂಘದ ಪ್ರದರ್ಶನದಾಗ ಕ್ರೇನಿನ ಮುಂದ ಇಡೂ ಕಾರ್ಡು. "ಕಟ್ಟಿದವರು: ಅಮರೇಶಪ್ಪ. ಸಹಾಯ: ಮನೆಯವರು." ನಿನ್ನೆ ಮಧ್ಯಾಹ್ನ ಟೇಬಲ್ ಒರಸೋವಾಗ ಓದಿದೆ. ಎರಡು ಸಲ ಓದಿದೆ. ಚಾ ಮಾಡಿಕೊಟ್ಟ ವೈನಿನೂ ಮನೆಯವರು, ಇಟ್ಟಂಗಿ ತುಳದು ಬೈದ ಯವ್ವನೂ ಮನೆಯವರು, ನಾನೂ ಮನೆಯವರು... ಭಾಳ ನೋವಾತಣ್ಣಾ. ಹೊರಗಿನವರು ಹಿಂಗ ಮಾಡಿದ್ರ ಎದುರಿಗೇ ಬೈದು ಬಿಡ್ತಿದ್ದೆ. ನಿನಗ ಹೆಂಗ ಬೈಲಿ?

ಹೋಗ್ಲಿ ಬಿಡು. ಹವಾ ಎಲ್ಲೋ ಸೋರತೈತಿ ಅಂತಿಯಾ? ಇರಲಿಕ್ಕಿಲ್ಲ. ಪಿಸ್ಟನ್ ಬಿಗಿ ಹಿಡದಿರಬೇಕು, ಒಂದು ಹನಿ ಎಣ್ಣಿ ಬಿಡು. ಹವಾದ ರಬ್ಬರ್ ಪೈಪ್ ಯಾಕ ಬಿಚ್ಚತಿ? ಪೈಪ್ ಚೊಲೊ ಐತಿ, ನಾನ ನೋಡೀನಿ... ಅಂದ್ರೂ ಕೇಳವಲ್ಲಿ. ಬೋಗುಣಿ ನೀರಾಗ ಮುಳಗಿಸಿ, ಒಂದು ತುದಿ ಬೆರಳಿಲೆ ಒತ್ತಿ ಹಿಡದು, ಇನ್ನೊಂದು ತುದಿಯಿಂದ ಊದತಿ. ಊದು. ಗುಳ್ಳಿ ಎಲ್ಲಿ ಬರ್ತಾವ...

ಹಾಂ. ಬಂದುವು. ಸಣ್ಣಾವು, ಮೂರು ಕಡೆ. ರಬ್ಬರ್ ಹಳೇದಾಗಿರಬೇಕು. ಇಲ್ಲಾ ಇಲಿ ಕಡದಿರಬೇಕು. ಈ ಮನ್ಯಾಗ ಇಲಿ ಭಾಳ.

ತೂತಿನ ನಡುವ ಬೆರಳಿಟ್ಟು ಏನ್ ಅಳೀತಿ? ಊದೂದು ಮುಗೀತಲ್ಲ.

ಮಂಚದ ಮ್ಯಾಲಿನ ಕೌದಿ ಯಾಕ ಎಳಕೋತಿ? ಅದು ನಾ ಹೊಲಿದ ಕೌದಿ, ಒದ್ದಿ ಪೈಪ್ ಇಟ್ಟು ತೋಯಿಸಬ್ಯಾಡ... ಅಣ್ಣಾ, ಪೈಪ್ ತಂದು ಹೊಲಿಗಿ ಸಾಲಿಗೆ ಯಾಕ ಹಚ್ಚತಿ?

ಕುಂತುವೇನು? ಮೂರೂ ತೂತು ಮೂರು ಹೊಲಿಗಿಗೆ ಸರಿಯಾಗಿ ಕುಂತುವೇನು?

ಹೊಲಿಗಿಗೂ ಹೊಲಿಗಿಗೂ ಒಂದ ಅಕ್ಕಿಕಾಳಿನ ಅಂತರ ಇರಬೇಕು ಅಂತ ಯವ್ವ ಕಲಿಸಿದ್ದು. ಮೂವತ್ತು ವರ್ಷದ ರೂಢಿ. ಸಿಟ್ಟಿನ್ಯಾಗ ಪೈಪಿಗೆ ಸೂಜಿ ಚುಚ್ಚಿದ್ರೂ ಕೈ ಅಳತಿ ಬಿಡಲಿಲ್ಲ ನೋಡು.

ಹಂಗ ನೋಡಬ್ಯಾಡ. ಬೈದರ ಬೈ.

ನಾ ಹೇಳ್ತೀನಿ ಕೇಳು. ಈ ತೂತು ಯಾರು ಮಾಡಿದ್ರು ಅಂತ ನಾಳೆ ಸಂಘದಾಗ ಕೇಳಿದ್ರ, ನೀ ಬರದಂಗ ಹೇಳು. ಮನೆಯವರು ಮಾಡ್ಯಾರ.