ಬೀಗರ ಪಂಕ್ತಿಗೆ ಬಗ್ಗದ ಎಣಿಕೆ

ಹೂಂ ಅನ್ನಿ, ಹೇಳ್ತೀನಿ. ಹೂಂಗುಟ್ಟೋರು ಇಲ್ದಿದ್ರೆ ಕಥೆಗೆ ಕಾಲೇ ಬರಲ್ಲ. ಒಂದಾನೊಂದು ಕಾಲ, ಹೆಸರಿಲ್ಲದ ಒಂದು ಸೀಮೆ. ಅಲ್ಲಿ ಕೆಂಚಮ್ಮ ಅಂತ ಒಬ್ಬಳು ಗಂಡ ಸತ್ತೋಳು. ತಾಯಿಲ್ಲದ ಅಣ್ಣನ ಮಗಳು ಪುಟ್ಟಲಿಂಗೀನ ಎತ್ತಿ ಆಡಿಸಿ ಸಾಕಿದೋಳು ಅವಳೇ. ಆ ಹುಡುಗಿಗೆ ಮದುವೆ ಬಂತು. ಧಾರೆ ಮುಗೀತು, ಊಟ ಬಾಕಿ.

ಗಂಡಿನಪ್ಪ ಬೋರೇಗೌಡನ ಮನೇಲಿ ಒಂದು ಕಟ್ಟಳೆ. ಮದುವೆ ಊಟಕ್ಕೆ ಎಲ್ಲ ಸಾಲಲ್ಲೂ ಒಂದೇ ಸಮ ಜನ ಇರಬೇಕು, ಒಬ್ಬರೂ ಮಿಗಬಾರದು. ಮಿಕ್ಕರೆ ಎಲೆಗೆ ಅನ್ನ ಬೀಳೋ ಹಾಗಿಲ್ಲ. ಎಲೆ ಹಾಕೋ ನಂಜಯ್ಯ ತಲೆ ಎಣಿಸಿದ. ಒಂಬೈನೂರ ತೊಂಬತ್ತೇಳು.

ನಾಲ್ಕು ನಾಲ್ಕು ಜನ ಕೂರಿಸಿದ. ಒಬ್ಬರು ಮಿಕ್ಕರು. ಯಾರು ಹೇಳಿ? ಪಾಯಸದ ಒಲೆ ಮುಂದಿಂದ ಕೊನೆಗೆ ಎದ್ದುಬಂದ ಕೆಂಚಮ್ಮ. ಆರಾರು ಜನ ಕೂರಿಸಿದ. ಮಿಕ್ಕೋಳು ಕೆಂಚಮ್ಮ. ಹನ್ನೆರಡು ಹನ್ನೆರಡು ಕೂರಿಸಿದ. ಮತ್ತೆ ಕೆಂಚಮ್ಮನೇ!

"ಇದಕ್ಯಾಕೆ ಇಷ್ಟು ಒದ್ದಾಟ?" ಅಂದ ಗೌಡ. "ಆಯಮ್ಮ ಒಬ್ಬಳನ್ನ ಮನೆಗೆ ಕಳಿಸಿ. ಸಾಲು ತಾನೇ ಸರಿಹೋಯ್ತದೆ."

ಕೆಂಚಮ್ಮ ಸೆರಗಿಗೆ ಕೈ ಒರೆಸ್ಕೊಂಡಳು. "ಆಗ್ಲಿ ಬುಡಿ, ನಾನು ಹೊರಟೆ. ಮಗು ಉಣ್ಲಿ" ಅಂದಳು. ಒಳಗೆ ಮಾತ್ರ, ಸಾಕೋಕೆ ಬೇಕಾದೆ, ಉಣ್ಣೋಕೆ ಹೆಚ್ಚಾದೆ ಅಂದ್ಕೊಂಡಳು.

ಪುಟ್ಟಲಿಂಗಿ ಅವಳ ಕೈ ಬಿಡ್ಲಿಲ್ಲ. "ನಮ್ಮತ್ತೆ ಉಣ್ಣದ ಊಟ ನಂಗೂ ಬ್ಯಾಡ. ನಂಜಣ್ಣ, ಇನ್ನೂ ನೋಡು."

ಪಾಪ, ನಂಜಯ್ಯ ನೋಡಿದ. ಏಳೇಳು ಕೂರಿಸಿದ, ಮೂವರು ಮಿಕ್ಕರು. ಹನ್ನೊಂದು ಹನ್ನೊಂದು ಕೂರಿಸಿದ, ಏಳು ಜನ ಮಿಕ್ಕರು. ಒಂದನ್ನೂ ಬಿಡದೆ ಮೂವತ್ತೊಂದರವರೆಗೂ ಹೋದ. ಅಲ್ಲೂ ಐವರು ಮಿಕ್ಕರು! ಅನ್ನ ಆರ್ತಾ ಬಂತು, ಮಕ್ಕಳು ಅಳೋಕೆ ಹತ್ತಿದ್ವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗಾಯ್ತು.

"ಮುಂದಕ್ಕೆ ನೋಡೋ" ಅಂದ ಗೌಡ.

"ಮುಂದೆ ಏನಿಲ್ಲ ಯಜಮಾನ್ರೇ. ಸಾಲಿಗೆ ಮೂವತ್ತೊಂದಕ್ಕಿಂತ ಹೆಚ್ಚು ಜನ ಕೂತ್ರೆ, ಸಾಲೇ ಮೂವತ್ತೊಂದು ದಾಟಲ್ಲ. ಅಡ್ಡ ನಿಂತು ನೋಡಿದ್ರೆ ಉದ್ದದ ಸಾಲು ಅಡ್ಡ ಆಗ್ತದೆ, ಅಡ್ಡದ್ದು ಉದ್ದ ಆಗ್ತದೆ, ನಾನು ಆಗ್ಲೇ ಸೋತ ಲೆಕ್ಕಾನೇ ಅದು. ಈ ಎಣಿಕೆ ಯಾರಿಗೂ ಬಗ್ಗಲ್ಲ. ಒಬ್ಬೊಬ್ರೂ ಒಂದೊಂದು ಸಾಲಾಗ್ಬೇಕು, ಇಲ್ಲಾ ಎಲ್ರೂ ಒಂದೇ ಸಾಲಾಗ್ಬೇಕು."

"ಒಬ್ಬೊಬ್ರೇ ಕೂತು ಉಣ್ಣೋಕೆ ಇದೇನು ಸೂತಕದ ಮನೆಯೇನೋ?"

"ಹಂಗಾದ್ರೆ ಒಂದೇ ಸಾಲು, ಮಾವ" ಅಂದಳು ಪುಟ್ಟಲಿಂಗಿ. "ಮಿಗೋರು ಯಾರೂ ಇರಲ್ಲ, ನಿಮ್ಮ ಕಟ್ಟಳೇನೂ ಮುರಿಯಲ್ಲ."

ಗೌಡ ಹೂಂ ಅಂದ. ಕಟ್ಟಳೆ ಅವನದೇ ಅಲ್ವೇ? ಆದ್ರೆ ಅಷ್ಟುದ್ದದ ಸಾಲಿಗೆ ಅಂಗಳ ಸಾಲಲಿಲ್ಲ, ಬೀದಿ ಸಾಲಲಿಲ್ಲ, ಕಣ ಸಾಲಲಿಲ್ಲ. ಕಡೆಗೆ ಊರಾಚೆ ಕೆರೆ ಸುತ್ತ ಎಲೆ ಹಾಕಿದ್ರು. ಗಂಡಿನಪ್ಪ ಅಂತ ಮೊದಲ ಎಲೆ ಗೌಡನಿಗೆ. ಕೊನೇ ಎಲೆ ಕೆಂಚಮ್ಮನಿಗೆ. ಕೇಳಿ ಮತ್ತೆ, ಆ ಕೆರೆ ದುಂಡಗಿತ್ತು. ಸುತ್ತಿ ಬಂದ ಕೊನೇ ಎಲೆ ಬಿದ್ದಿದ್ದು ಗೌಡನ ಮಗ್ಗುಲಿಗೇ!

"ಬೀಗ್ರೇ, ಒಸಿ ಅತ್ಲಾಗಿ ಸರೀರಿ" ಅಂದಳು ಕೆಂಚಮ್ಮ. "ನಂಗೂ ಜಾಗ ಬೇಕು."

ಗೌಡ ಸರಿದ. ತುಪ್ಪ ಇಬ್ಬರ ಎಲೆಗೂ ಒಟ್ಟಿಗೇ ಬಿತ್ತು.

ಅವರು ಅಲ್ಲಿ ಉಂಡು ಕೈ ತೊಳೆದ್ರು, ನಾನು ಇಲ್ಲಿ ಹೇಳಿ ಬಾಯಿ ಒರೆಸ್ಕೊಂಡೆ. ನೀವೂ ಎದ್ದೇಳಿ.