ತಳಗುಂಡಿಯ ನೀರು

ಮಳೆ ಬಂದ ದಿನ ಆ ದೋಣಿ ಯಾರ್ಡಿನಲ್ಲಿ ಯಾರೂ ಬಿರುಕು ಮುಚ್ಚುವ ರೆಸಿನ್ ಅಂಟಿನ ಡಬ್ಬಿ ತೆರೆಯುವುದಿಲ್ಲ. ಬರೆದಿಟ್ಟ ಕಾನೂನೇನಲ್ಲ. ಥಂಡಿಯಲ್ಲಿ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ, ಮೇಲೆ ಗಟ್ಟಿಯಾದಂತೆ ಕಂಡರೂ ಅಡಿಯಲ್ಲಿ ಜಿಗುಟಾಗಿಯೇ ಉಳಿಯುತ್ತದೆ, ಅಷ್ಟೇ. ಹಾಗಾಗಿ ಅಂದು ಮಧ್ಯಾಹ್ನ ವರ್ಷದ ಮೊದಲ ಹನಿ ಬಿದ್ದದ್ದೇ ತಡ, ನೆಲದ ಮೇಲೆ ಊರುಗೋಲು ಕೊಟ್ಟು ನಿಲ್ಲಿಸಿದ ದೋಣಿಗಳಿಂದ ಒಬ್ಬೊಬ್ಬರೇ ಏಣಿ ಇಳಿದು ತಗಡಿನ ಶೆಡ್ಡಿಗೆ ಓಡಿದರು. ಶೆಡ್ಡಿನಲ್ಲಿ ಚಹಾ ಇತ್ತು. ಚಹಾದ ಜೊತೆಗೆ ತಾತನ ಬೈಗುಳವೂ ಇತ್ತು.

ಆತ ಮುದಿ ಬಡಗಿ. ನಾಲಿಗೆಯ ಒರಟಿಗೆ ಎಲ್ಲರೂ ಆತನನ್ನು ಉಪ್ಪುಕಾಗದದ ತಾತ ಎನ್ನುತ್ತಿದ್ದರು. ಬೇಸಿಗೆಯಿರಲಿ, ಚಳಿಯಿರಲಿ, ಬಲಗೈ ಯಾವಾಗಲೂ ಕೋಟಿನ ಜೇಬಿನಲ್ಲಿ. ಲೋಟ, ಉಳಿ, ಬೀಡಿ ಎಲ್ಲವೂ ಎಡಗೈಗೇ. ಸಂಧಿವಾತವಿರಬೇಕು ಎಂದುಕೊಂಡಿದ್ದಳು ಟೀಚರ್.

ಟೀಚರ್ ಎಂದರೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ಅವಳೂ ಅವಳ ಗಂಡನೂ ಅರ್ಧ ಶತಮಾನ ಹಳೆಯದಾದ ಒಂದು ಹಾಯಿದೋಣಿ ಕೊಂಡು, ಕೂಲಿಯವನನ್ನು ಹತ್ತಿರ ಸೇರಿಸದೆ, ಐದು ತಿಂಗಳಿಂದ ತಾವೇ ರಿಪೇರಿ ಮಾಡುತ್ತಿದ್ದರು. ಕೊಳೆತ ಹಲಗೆ ಕಿತ್ತರು, ವೈರು ಬದಲಿಸಿದರು, ಕಿಟಕಿಗೆ ಹೊಸ ರಬ್ಬರು ಕೂರಿಸಿದರು. ಉಳಿದದ್ದು ಕ್ಯಾಬಿನ್ನಿನ ನೆಲದ ಹಲಗೆಯಡಿಯ ತಳಗುಂಡಿ ಒಂದೇ. ದೋಣಿಯೊಳಗೆ ಜಿನುಗಿದ ನೀರೆಲ್ಲ ಇಳಿದು ನಿಲ್ಲುವ ಜಾಗ ಅದು. ಅಲ್ಲಿಂದ ಕೈಪಂಪಿನಲ್ಲಿ ಹೊರಹಾಕಬೇಕು. ಬಾಡಿಗೆ ಮನೆ ಖಾಲಿ ಮಾಡಲು ಹನ್ನೊಂದು ದಿನ ಬಾಕಿಯಿತ್ತು, ಆಮೇಲೆ ಆ ದೋಣಿಯೇ ಮನೆ. ಇದನ್ನೇ ಕೇಳಲು ಅವಳು ತಾತನ ಎದುರಿನ ಪೆಟ್ಟಿಗೆಯ ಮೇಲೆ ಕುಳಿತಳು.

"ತಾತ, ತಳಗುಂಡೀಲಿ ಬಣ್ಣ ಹಪ್ಪಳದ ಥರ ಏಳ್ತಿದೆ. ಬಿಳಿ ಕೆರೆದ್ರೆ ಹಸಿರು, ಹಸಿರು ಕೆರೆದ್ರೆ ಮತ್ತೆ ಬಿಳಿ. ಕೊಯ್ದು ನೋಡೋಣ ಅಂತೀನಿ ನಾನು. ಅದಕ್ಕೆ ಎರಡು ತಿಂಗಳು ಹಿಡಿಯುತ್ತೆ, ಮೇಲೆ ರೆಸಿನ್ ಸುರಿದ್ರೆ ಒಂದೇ ದಿನದ ಕೆಲಸ ಅಂತಾರೆ ನಮ್ಮನೆಯವರು. ನೀವೇನಂತೀರಿ?"

ತಾತ ಲೋಟ ಕೆಳಗಿಟ್ಟ. ಪಕ್ಕದಲ್ಲಿದ್ದ ಎಂಜಿನ್ ಮೆಕ್ಯಾನಿಕ್ ಒಂದು ಜೋಕು ಹೇಳಲು ಬಾಯಿ ತೆರೆದವನು ಆ ಮುಖ ನೋಡಿ ಚಹಾ ಗುಟುಕರಿಸಿದ.

"ನಿನ್ನ ಗಂಡ ಎಲ್ಲಿ?"

"ದೋಣೀಲಿ. ವೈರು ಕಟ್ಟಿ ಬರ್ತೀನಿ ಅಂದ್ರು."

"ಹೂಂ. ಹಾಗಾದ್ರೆ ಕತೆ ಹೇಳ್ತೀನಿ, ಉತ್ತರ ನೀನೇ ತಗೋ. ಮಧ್ಯ ಬಾಯಿ ಹಾಕ್ಬೇಡಿ ಯಾರೂ.

"ಇಬ್ರು ಅಣ್ಣತಮ್ಮಂದಿರು. ಅಣ್ಣ ಗಡಿಯಾರ ರಿಪೇರಿ ಮಾಡೋನು, ಒಂದು ಸ್ಕ್ರೂ ಬಿಗಿಮಾಡೋಕೆ ಅರ್ಧ ಗಂಟೆ. ತಮ್ಮ ಮಾತಲ್ಲೇ ಮನೆ ಕಟ್ಟೋ ಜಾತಿ. ಇಬ್ರೂ ಸೇರಿ ಒಂದು ಹಳೇ ಹಾಯಿದೋಣಿ ತಗೊಂಡ್ರು, ಎಲ್ಲಾ ಸ್ವಂತ ಕೈಯಿಂದಾನೇ ಮಾಡ್ಬೇಕು ಅಂತ. ಮಾರಿದೋನು ಯಾರು ಗೊತ್ತಾ? ಪಾಲಿಶ್ ಬೂಟು ಹಾಕ್ಕೊಂಡು, ಮೂಗಿಗೆ ಕರ್ಚೀಫು ಹಿಡ್ಕೊಂಡು, ಏಣಿ ಕೆಳಗೇ ನಿಂತಿದ್ದ. 'ನಮ್ಮಪ್ಪನ ದೋಣಿ, ಒಳಗೆ ಹೋಗಿ ನೋಡಿ' ಅಂದ. ತಾನು ಮಾತ್ರ ಒಂದು ಮೆಟ್ಟಿಲೂ ಹತ್ತಲಿಲ್ಲ. ಅವಾಗ್ಲಾದ್ರೂ ಗೊತ್ತಾಗ್ಬೇಡ್ವಾ ಮನುಷ್ಯರಿಗೆ?

"ಒಳಗೆ ನೋಡಿದ್ರೆ ಫಳಫಳ ಬಿಳಿ ಬಣ್ಣ. ಮೇಲೆ ಥಳುಕು ಒಳಗೆ ಹುಳುಕು ಅಂತ ಸುಮ್ನೆ ಹೇಳ್ತಾರಾ? ಹಾಸಿಗೆ ಎತ್ತಿದ್ರೆ ಬೂಷ್ಟು. ಕಕ್ಕಸಿನ ಪೈಪು ಕೊಯ್ದಾಗ ಬಂತಲ್ಲ, ಥೂ... ಹೋಗ್ಲಿ, ಅದು ಬರೀ ಹೇಲು, ಹೇಲಿಗೆ ನಾನು ಹೆದರಲ್ಲ. ಆಮೇಲೆ ತಳಗುಂಡಿ ಹಲಗೆ ತೆಗೆದ್ರು. ಒಂದು ಗೇಣು ನೀರು. ದೋಣಿ ನೆಲದ ಮೇಲಿತ್ತು ಕಣ್ರೋ, ಈಗ ನಿಮ್ದೆಲ್ಲಾ ಇಲ್ವಾ, ಹಾಗೆ. ನಾಲ್ಕು ತಿಂಗಳಿಂದ ಒಂದು ಹನಿ ಮಳೆ ಇಲ್ಲ. ನೀರೆಲ್ಲಿಂದ ಬರ್ಬೇಕು? ಕಪ್ಪಗೆ, ಜಿಡ್ಡಾಗಿ, ಮೇಲೆ ಕೆನೆ ಕಟ್ಟಿತ್ತು. ಆ ಕೆನೇಲಿ ಕೂದಲು. ಬಿಳೀ ಕೂದಲು... ಕ್ಷೌರದಂಗಡಿ ನೆಲದ ಮೇಲಿರ್ತಾವಲ್ಲ, ಅಷ್ಟಷ್ಟುದ್ದ.

"ಪಂಪು ಹೊಡೆದ್ರು. ನಲವತ್ತು ಸಲ ಎಳೆದಾಗ ಗುಂಡಿ ಖಾಲಿ. ಬಟ್ಟೇಲಿ ಒರೆಸಿ, ಸೋಪು ಹಾಕಿ ತಿಕ್ಕಿ, ಒಣಗಿಸಿ ಹೋದ್ರು. ಮಾರನೇ ದಿನ ಬೆಳಿಗ್ಗೆ ನೋಡಿದ್ರೆ ಮತ್ತೆ ಒಂದು ಗೇಣು. ಮತ್ತೆ ನಲವತ್ತು. ಮೂವತ್ತೊಂಬತ್ತಲ್ಲ, ನಲವತ್ತೊಂದಲ್ಲ. ಆ ನಾತ ಇದೆಯಲ್ಲ... ಟವೆಲಿಗೆ ಬಂತು, ದಿಂಬಿಗೆ ಬಂತು. ಅಣ್ಣನ ಹೆಂಡ್ತಿ ಅವನ ಅಂಗೀನ ಕೋಲಲ್ಲಿ ಎತ್ತಿ ಬೀದಿಗೆ ಹಾಕಿದ್ಲು. ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಈ ಕೆಸರಾದ ಕೈ ಬಾಯಿ ಹತ್ರ ಹೋದ್ರೆ ಸಾಕು, ಹೊಟ್ಟೇಲಿದ್ದದ್ದೆಲ್ಲ ಹೊರಗೆ."

ಟೀಚರ್ ಕೈಯಲ್ಲಿ ಚಹಾ ಆರುತ್ತಿತ್ತು. ಇವತ್ತು ಬೆಳಿಗ್ಗೆಯೂ ಅವಳು ಪಂಪು ಹೊಡೆದಿದ್ದಳು. ಹಳೇ ದೋಣಿ, ಎಲ್ಲಿಂದಲೋ ಜಿನುಗುತ್ತದೆ ಎಂದುಕೊಂಡಿದ್ದಳು. ನೆಲದ ಮೇಲೆ ನಿಂತ ದೋಣಿಗೆ ಜಿನುಗಲು ನೀರೆಲ್ಲಿದೆ ಎಂಬ ಯೋಚನೆ ಐದು ತಿಂಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ. ಲೆಕ್ಕದ ಟೀಚರಂತೆ, ನಾಚಿಕೆಯಾಗಬೇಕು.

"ಅಣ್ಣ ಹೋಗಿ ದೋಣಿ ನಿಲ್ಲೋ ಧಕ್ಕೆಯ ಕಾವಲುಗಾರನ್ನ ಕೇಳ್ದ. ಅವನು ಹೇಳಿದ್ದಿಷ್ಟು. ಆ ದೋಣೀಲಿ ಒಬ್ಬ ಮುದುಕ ಒಂಟಿಯಾಗಿದ್ದ. ದಿನಾ ಬೆಳಿಗ್ಗೆ ಪಂಪಿನ ಸದ್ದು, ನಲವತ್ತು ಸಲ. ಅಕ್ಕಪಕ್ಕದ ದೋಣಿಯೋರು ಅದನ್ನ ಕೇಳ್ಕೊಂಡೇ ಏಳ್ತಿದ್ರು. ಒಂದು ದಿನ ಸದ್ದಿಲ್ಲ. ಯಾರಾದ್ರೂ ಹೋಗಿ ನೋಡಿದ್ರಾ? ನಿದ್ದೆ ಚೆನ್ನಾಗಿ ಬಂತು ಅಂತ ಖುಷಿಪಟ್ರಂತೆ, ಪಾಪಿಗಳು! ಸುಡು ಬೇಸಿಗೆ. ಮುಚ್ಚಿದ ಕ್ಯಾಬಿನ್ನು. ಹನ್ನೊಂದು ದಿನ... ಮೇಲಿದ್ದದ್ದನ್ನ ಒಂದು ದುಪ್ಪಟೀಲಿ ಕಟ್ಟಿ ತಗೊಂಡು ಹೋದ್ರು. ಹಲಗೆ ಸಂದೀಲಿ ಕೆಳಗೆ ಇಳಿದಿತ್ತಲ್ಲ, ಅದು? ಆ ಪಾಲಿಶ್ ಬೂಟಿನ ಮಗ ಮೂಗು ಮುಚ್ಕೊಂಡು ಒಂದು ಬಕೆಟ್ ಸೋಪು ನೀರು ಸುರಿದ, ಅದು ಆರೋ ಮೊದಲೇ ಮೇಲೆ ರೆಸಿನ್ ಸುರಿದ, ಬಿಳಿ ಬಣ್ಣ ಬಳಿದ. ಅಪ್ಪನ್ನ ತೊಳೀಲಿಲ್ಲ ಕಣಮ್ಮಾ... ಮುಚ್ಚಿದ.

"ಅಣ್ಣ ಅಂದ, 'ಇದನ್ನ ಕೊಯ್ದು ತೆಗೆಯೋಣ. ಏನಿದ್ರೂ ಎತ್ತಿ ಮಣ್ಣು ಮಾಡೋಣ. ಎರಡು ತಿಂಗಳಾಗ್ಲಿ.' ತಮ್ಮನಿಗೆ ಎಲ್ಲಿದೆ ತಾಳ್ಮೆ? ಆತುರಗಾರನಿಗೆ ಬುದ್ಧಿ ಮಟ್ಟ. ಆ ವಾರವೇ ನೀರಿಗೆ ಇಳಿಸ್ತೀನಿ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದ್ದ. ಕೊನೆಗೆ ಅಣ್ಣ ಒಬ್ನೇ ಉಳಿ ಹಿಡ್ಕೊಂಡು ಕೂತ. ಅಂಗೈಯಗಲದ ಒಂದು ಚಕ್ಕೆ ಎದ್ದು ಬಂತು. ಅದರ ಅಡಿ ಮೈಯಲ್ಲಿ... ಉಗುರು ಕಣಮ್ಮಾ. ಮನುಷ್ಯನ ಉಗುರು, ಕೆತ್ತಿ ಕೂರಿಸಿದ ಹಾಗೆ. ಅಣ್ಣ ಅಲ್ಲೇ ವಾಂತಿ ಮಾಡ್ಕೊಂಡ, ಜ್ವರ ಬಂದು ಮಲಗಿದ. ಮಲಗಿದಲ್ಲಿಂದಲೇ ತಮ್ಮನ್ನ ಕರೆದು ಹೇಳ್ದ, 'ಮುಚ್ಚಬೇಡ ಕಣೋ. ನಾನು ಎದ್ದು ಬಂದು ಪೂರ್ತಿ ಮಾಡ್ತೀನಿ. ನಿಂಗೆ ಕೈ ಮುಗೀತೀನಿ, ಮುಚ್ಚಬೇಡ.'

"ತಮ್ಮ ಹೂಂ ಅಂದ. ಮಾರನೇ ದಿನವೇ ಹೋದ. ಅವತ್ತೂ ಇಂಥದೇ ಮಳೆ. ಮೂಗಿಗೆ ಬಟ್ಟೆ ಕಟ್ಕೊಂಡ, ಹೇಸಿಗೆ, ಹೇಸಿಗೆ ಅಂತ ಉಗೀತಾ ರೆಸಿನ್ ಕಲಸಿದ. ಆ ತೂತಿನಿಂದ ಏನೋ ಮೇಲಕ್ಕೆ ಉಬ್ಬಿ ಬರ್ತಿತ್ತು. ಒಳಗೆ ಒತ್ತೋಣ ಅಂತ ಕೈ ಹಾಕಿದ. ಅದು ಕೈ ಹಿಡ್ಕೊಳ್ತು.

"ಎಳೀಲಿಲ್ಲ. ಎಳೆದಿದ್ರೆ ದೆವ್ವ ಅಂತ ಕಿರುಚಿ ಓಡಿ ಹೋಗ್ಬಹುದಿತ್ತು. ವಯಸ್ಸಾದೋರು ಕುರ್ಚಿಯಿಂದ ಏಳೋವಾಗ ನಮ್ಮ ಕೈ ಹಿಡ್ಕೋತಾರಲ್ಲ, ಹಾಗೆ ಮೆತ್ತಗೆ... ಎಬ್ಬಿಸಪ್ಪಾ ಅನ್ನೋ ಹಾಗೆ. ತಮ್ಮ ಏನು ಮಾಡ್ದ? ಕೈ ಕಿತ್ಕೊಂಡ, ಡಬ್ಬಿ ಪೂರ್ತಿ ಸುರಿದ. ಮೇಲೆ ಹಸಿರು ಬಣ್ಣ ಹೊಡೆದು, ಹೆಸರು ಬದಲಾಯಿಸಿ, ಯಾರಿಗೋ ಮಾರಿದ. ಅವರೂ ಅವರ ಕಾಲಕ್ಕೆ ಬಿಳಿ ಹೊಡೆದಿರ್ಬೇಕು. ಅಣ್ಣ ಸಾಯೋವರೆಗೂ ತಮ್ಮನ ಹತ್ರ ಮಾತಾಡ್ಲಿಲ್ಲ. ಮಾತಾಡೋಕೂ ಅಸಹ್ಯ ಪಟ್ಕೊಂಡ. ಸರಿಯಾಗೇ ಮಾಡ್ದ."

ತಗಡಿನ ಮೇಲೆ ಮಳೆ ಜೋರಾಯಿತು. ಟೀಚರ್ ತನ್ನ ಉಗುರು ನೋಡಿಕೊಂಡಳು. ಆ ಹಸಿರು ಬಣ್ಣವನ್ನು ಅವಳೇ ಉಗುರಿನಿಂದ ಕೆರೆದಿದ್ದಳು.

"ಇವತ್ತು ಬೆಳಿಗ್ಗೆ ಪಂಪು ಎಷ್ಟು ಸಲ ಹೊಡೆದೆ ಮಗಳೇ? ನೀನು ಎಣಿಸ್ತೀಯ. ಲೆಕ್ಕದ ಟೀಚರ್ ನೀನು."

"ನಲವತ್ತು," ಎಂದಳು ಅವಳು.

"ಆ ದೋಣೀನ ನೀವು ಯಾರ್ಡಿಗೆ ತಂದ ದಿನವೇ ಗುರುತು ಸಿಕ್ಕಿತ್ತು ನಂಗೆ. ಹೇಳೋಕೆ ಮುಖ ಇರ್ಲಿಲ್ಲ. ಐದು ತಿಂಗಳು ಬಾಯಿ ಮುಚ್ಕೊಂಡು ಕೂತಿದ್ದೆ, ನನ್ನ ಜನ್ಮಕ್ಕಿಷ್ಟು. ಏಳು. ನಿನ್ನ ಗಂಡನಿಗೆ ಹೇಳು, ರೆಸಿನ್ ಬೇಡ. ನಾನೇ ಉಳಿ ತಗೊಂಡು ಬರ್ತೀನಿ, ಕೊಯ್ಯೋಣ. ಈ ಸಲ ಪೂರ್ತಿ ತೆಗೆಯೋಣ."

ಅವಳು ಎದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಗಂಡ ಕಾಣಿಸಿಕೊಂಡ, ತೊಪ್ಪೆಯಾಗಿ ನೆನೆದು, ಮುಖದ ತುಂಬ ನಗು.

"ಮುಗೀತು ಕಣೇ! ಮಳೆ ನಿಲ್ಲೋವರೆಗೆ ಯಾಕೆ ಕಾಯೋದು, ಕೆಲಸ ಒಳಗಡೆ ತಾನೆ ಅಂತ ರೆಸಿನ್ ಸುರಿದೇ ಬಿಟ್ಟೆ. ಏನು ನುಣುಪಾಗಿ ಕೂತಿದೆ ಗೊತ್ತಾ? ಇನ್ನು ಹನ್ನೊಂದು ದಿನ ಯಾಕೆ, ನಾಡಿದ್ದೇ ಸಾಮಾನು ತರೋಣ." ಮಾತಾಡುತ್ತಲೇ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. "ಒಳಗೆ ಹಳೇ ವೈರೋ ಏನೋ ಬೆರಳಿಗೆ ಸುತ್ಕೊಂಡಿತ್ತು, ಕಿತ್ತು ಹಾಕ್ದೆ. ಅದೇನು ದರಿದ್ರ ವಾಸನೆ ಮಾರಾಯ್ತಿ, ಮೂರು ಸಲ ಸೋಪು ಹಾಕಿದ್ರೂ ಹೋಗ್ತಿಲ್ಲ."

ವಾಸನೆ ಅವನಿಗಿಂತ ಮುಂಚೆ ಒಳಗೆ ಬಂದಿತ್ತು. ಮೆಕ್ಯಾನಿಕ್ ಮೂಗು ಹಿಡಿದು ಹಿಂದೆ ಸರಿದ. ತಾತ ನಿಧಾನವಾಗಿ ಎದ್ದು ಹೋಗಿ, ಎಷ್ಟೋ ವರ್ಷಗಳಿಂದ ಯಾರೂ ನೋಡಿರದ ತನ್ನ ಬಲಗೈಯನ್ನು ಜೇಬಿನಿಂದ ತೆಗೆದು ಅವನ ಕೈಯ ಪಕ್ಕದಲ್ಲಿ ಹಿಡಿದ. ತಿಕ್ಕಿ ತಿಕ್ಕಿ ಚರ್ಮ ಸುಲಿದು ಕೆಂಪಾದ ಕೈ. ಎರಡೂ ಕೈಗಳಿಂದ ಬರುತ್ತಿದ್ದುದು ಒಂದೇ ನಾತ.

"ಹೋಗಲ್ಲ ಮಗಾ," ಎಂದ ತಾತ. "ಮೂವತ್ತೊಂದು ವರ್ಷದಿಂದ ನಾನೂ ತೊಳೀತಾನೇ ಇದೀನಿ."

ಆಮೇಲೆ ಟೀಚರ್ ಕಡೆ ತಿರುಗಿದ.

"ನಾಳೆ ಬೆಳಿಗ್ಗೆ ನೀನು ಪಂಪು ಹೊಡೀಬೇಡಮ್ಮ. ಹೊಸದಾಗಿ ಮುಚ್ಚಿದಾಗೆಲ್ಲ ಆ ಮುದುಕನೇ ಹೊಡೀತಾನೆ... ಏಣಿ ಕೆಳಗೆ ನಿಂತ್ಕೊಂಡು ಎಣಿಸು, ಸಾಕು."