ಉಪ್ಪುನೀರಿಗೆ ಒಗ್ಗಿದ ಮೋಲಿ

ಬೂದಿಗೆರೆ ಸ್ಟಾಪಿನಲ್ಲಿ ಹೊಸಕೋಟೆ ಬಸ್ಸಿಗೆ ಕಾಯುತ್ತಿದ್ದ ಪಾಪಕ್ಕನ ಪಕ್ಕದಲ್ಲೇ ರೂಪ ತನ್ನ ಗೆಳೆಯ ಮುನೀಂದ್ರನಿಗೆ ಫೋನಿನಲ್ಲಿ ತನ್ನ ಮನೆಯ ಗಾಜಿನ ತೊಟ್ಟಿಯ ಮೀನಿನ ವಿಡಿಯೊ ತೋರಿಸುತ್ತಿದ್ದಳು. ಪಾಪಕ್ಕನೂ ಕತ್ತು ಚಾಚಿದಳು.

“ಸಿಹಿನೀರಿನ ಮೋಲಿ ಮೀನು ಕಣೋ ಇದು! ಈಗ ಸಮುದ್ರದಂಥ ಉಪ್ಪುನೀರಲ್ಲಿ ಆಡ್ತಾ ಐತೆ!”

“ಹೋದ್ಸಲ ಎಲ್ಲಾ ಸತ್ತೋದ್ವಲ್ಲಾ?”

“ಆವಾಗ ಒಂದೇ ಸಲಕ್ಕೆ ಉಪ್ಪುನೀರಿಗೆ ಬಿಟ್ಬಿಟ್ಟಿದ್ದೆ. ಈ ಸಲ ಉಪ್ಪುನೀರನ್ನ ತೊಟ್ಟು ತೊಟ್ಟಾಗಿ ಸೇರಿಸಿ ಒಗ್ಗಿಸ್ದೆ. ಕಲ್ಲಿನ ಹಿಂದೆ ನೋಡು!”

“ಲೇ, ಮರಿಗಳು!”

“ಬೆಳಗ್ಗೆ ಹಾಕೈತೆ! ಉಪ್ಪುನೀರಲ್ಲೇ!”

“ತಾಯಿನ ಬೇರೆ ಮಾಡ್ದ್ಯಾ? ಮರಿಗಳ್ನ ತಿಂದ್ಬಿಡುತ್ತೆ!”

“ಅಯ್ಯೋ, ಖುಷೀಲಿ ಮರ್ತೇಬಿಟ್ಟೆ! ಬಾರೋ!”

ಬಸ್ಸು ಬಂದರೂ ಹತ್ತದೆ ಇಬ್ಬರೂ ಮನೆಯತ್ತ ಓಡಿದರು. ಪಾಪಕ್ಕ ಹತ್ತಿದಳು. ಕಂಡಕ್ಟರ್ ಬಾಯಿ ತೆರೆಯುವ ಮೊದಲೇ, “ಉಪ್ಪುನೀರಲ್ಲಿ ಮೀನು ಮರಿ ಹಾಕೈತೆ ಕಣಪ್ಪಾ!” ಎಂದಳು.